ಹಳೇ ಕಾರು ಆಯಿಲ್ ಕುಡೀತಿದ್ರೆ ಗಟ್ಟಿ ಆಯಿಲ್‌ಗೆ ಹೋಗೋದು ಹೇಗೆ, ಯಾವಾಗ ಹೋಗ್ಬಾರ್ದು

ಗಾಡಿ ಒಂದೂವರೆ ಲಕ್ಷ ಕಿಲೋಮೀಟರ್ ದಾಟಿದ್ಮೇಲೆ ಒಂದಿನ ಸುಮ್ನೆ ಡಿಪ್‌ಸ್ಟಿಕ್ ಎಳೆದು ನೋಡಿದ್ರೆ ತುದೀಲಿ ಮಾತ್ರ ಒಂಚೂರು ಆಯಿಲ್ ಅಂಟ್ಕೊಂಡಿರುತ್ತೆ, ಬಗ್ಗಿ ನೋಡಿದ್ರೆ ನೆಲದ ಮೇಲೆ ಒಂದು ಹನೀನೂ ಇರಲ್ಲ, ಮತ್ತೆ ಇಷ್ಟು ಆಯಿಲ್ ಎಲ್ಲಿಗೆ ಹೋಯ್ತಪ್ಪಾ ಅಂತ ತಲೆ ಕೆಡುತ್ತೆ. ಯಾರನ್ನ ಕೇಳಿದ್ರೂ ಎರಡೇ ಉತ್ತರ ಬರೋದು. ಒಂದು, ಇಂಜಿನ್ ಇಳಿಸಿ ಪಿಸ್ಟನ್ ಸುತ್ತ ಇರೋ ರಿಂಗ್ ಹೊಸದು ಹಾಕ್ಸಿ. ಇನ್ನೊಂದು, ಗಟ್ಟಿ ಆಯಿಲ್ ಹಾಕ್ಬಿಡಿ, ಎಲ್ಲಾ ಸರಿ ಹೋಗುತ್ತೆ. ಮೊದಲ್ನೇದಕ್ಕೆ ಆಗೋ ಖರ್ಚು ನೆನೆಸ್ಕೊಂಡ್ರೇ ಭಯ ಆಗುತ್ತೆ, ಎರಡನೇದು ಸುಲಭ ಅನ್ಸುತ್ತೆ, ಹಂಗಾಗಿ ಬಹಳ ಜನ ಏನೂ ಅಳತೆ ಮಾಡ್ದೆ ನೇರ 20ಡಬ್ಲ್ಯೂ-50 ತಂದು ಸುರಿದ್ಬಿಡ್ತಾರೆ. ದಯವಿಟ್ಟು ಹಾಗೆ ಮಾಡ್ಬೇಡಿ. ಗಟ್ಟಿ ಆಯಿಲ್ ಕೆಲಸ ಮಾಡುತ್ತೆ, ನನ್ನ ಗಾಡೀಲೇ ಮಾಡಿದೆ, ಆದ್ರೆ ಆಯಿಲ್ ಯಾವ ದಾರೀಲಿ ಹೋಗ್ತಿದೆ ಅಂತ ಗೊತ್ತಾದ ಮೇಲೆ, ಅದೂ ಒಂದೇ ಒಂದು ಮೆಟ್ಟಲು ಹತ್ತಿದ್ರೆ ಮಾತ್ರ.

ಮೊದಲು ಆ ಡಬ್ಬದ ಮೇಲಿರೋ ನಂಬರ್ ಅರ್ಥ ಮಾಡ್ಕೊಳ್ಳೋಣ. 5ಡಬ್ಲ್ಯೂ-30 ಅಂದ್ರೆ ಡಬ್ಲ್ಯೂ ಮುಂಚೆ ಇರೋ ನಂಬರು ಚಳಿಗೆ ಸಂಬಂಧಪಟ್ಟಿದ್ದು, ಕೊನೇದು ಬಿಸಿ ಇಂಜಿನ್‌ಗೆ ಸಂಬಂಧಪಟ್ಟಿದ್ದು. ಎಸ್‌ಎಇ ಜೆ300 ಅನ್ನೋ ಸ್ಟ್ಯಾಂಡರ್ಡ್ ಪ್ರಕಾರ 100 ಡಿಗ್ರಿ ಬಿಸೀಲಿ 30 ಗ್ರೇಡ್ ಆಯಿಲ್ 9.3 ರಿಂದ 12.5 ಸೆಂಟಿಸ್ಟೋಕ್ಸ್ ಒಳಗೆ ಇರ್ಬೇಕು, 40 ಗ್ರೇಡ್ 12.5 ರಿಂದ 16.3, 50 ಗ್ರೇಡ್ 16.3 ರಿಂದ 21.9. ಸೆಂಟಿಸ್ಟೋಕ್ಸ್ ಅಂದ್ರೆ ಎಷ್ಟು ಮಂದ ಇದೆ ಅನ್ನೋದರ ಅಳತೆ, ನಂಬರ್ ಜಾಸ್ತಿ ಆದಷ್ಟೂ ಮಂದ, ಅಷ್ಟು ಗೊತ್ತಿದ್ರೆ ಸಾಕು. ಇಲ್ಲಿ ಗಮನಿಸ್ಬೇಕಾದ್ದು ಏನಂದ್ರೆ ಪ್ರತಿ ಗ್ರೇಡೂ ಒಂದು ಪಟ್ಟಿ, ಒಂದು ಗೆರೆ ಅಲ್ಲ. 30 ಅಂತ ಬರೆದಿರೋ ಎರಡು ಡಬ್ಬದಲ್ಲಿ ಒಂದು 9.5 ಇರ್ಬಹುದು, ಇನ್ನೊಂದು 12 ಇರ್ಬಹುದು. ಇದು ಮುಂದೆ ಉಪಯೋಗಕ್ಕೆ ಬರುತ್ತೆ.

ಈಗ ಗಟ್ಟಿ ಆಯಿಲ್ ಯಾಕೆ ಕಮ್ಮಿ ಸೋರುತ್ತೆ ಅನ್ನೋದು. ಇಂಜಿನ್ ಹಳೇದಾದಾಗ ವಾಲ್ವ್ ಗೈಡು (ವಾಲ್ವ್ ಮೇಲೆ ಕೆಳಗೆ ಜಾರೋ ಕೊಳವೆ), ರಿಂಗು, ಬೋರು (ಪಿಸ್ಟನ್ ಓಡೋ ಸಿಲಿಂಡರ್ ಗೋಡೆ) ಎಲ್ಲಾ ಸವೆದು ಸಂದಿ ದೊಡ್ಡದಾಗುತ್ತೆ. ಸಂದಿಯಲ್ಲಿ ಹರಿಯೋ ಆಯಿಲ್ ಎಷ್ಟು ಅನ್ನೋದು ಆಯಿಲ್ ಗಟ್ಟಿ ಆದಷ್ಟೂ ಅದೇ ಲೆಕ್ಕದಲ್ಲಿ ಕಮ್ಮಿ ಆಗುತ್ತೆ, 10 ಸೆಂಟಿಸ್ಟೋಕ್ಸ್ ಇಂದ 14ಕ್ಕೆ ಹೋದ್ರೆ ಹೆಚ್ಚುಕಮ್ಮಿ ಕಾಲು ಭಾಗದಿಂದ ಮೂರನೇ ಒಂದು ಭಾಗ ಕಮ್ಮಿ. ಒಳ್ಳೇದೇ. ಆದ್ರೆ ಸಂದಿ ದೊಡ್ಡದಾಗೋದರ ಲೆಕ್ಕ ಬೇರೆ, ಒತ್ತಡ ಅಷ್ಟೇ ಇದ್ದು ಸಂದಿ ಎರಡು ಪಟ್ಟಾದ್ರೆ ಹರಿವು ಎರಡು ಪಟ್ಟಲ್ಲ, ಎಂಟು ಪಟ್ಟಾಗುತ್ತೆ. ಅಂದ್ರೆ ಸ್ವಲ್ಪ ಸವೆದಿರೋ ಇಂಜಿನ್‌ಗೆ ಒಂದು ಮೆಟ್ಟಲು ಗಟ್ಟಿ ಆಯಿಲ್ ಚೆನ್ನಾಗಿ ಸಾಥ್ ಕೊಡುತ್ತೆ, ಪೂರ್ತಿ ಸವೆದಿರೋ ಇಂಜಿನ್‌ಗೆ ಎಷ್ಟು ಗಟ್ಟಿ ಹಾಕಿದ್ರೂ ಸವೆತದ ಮುಂದೆ ಸೋಲುತ್ತೆ. 50, 60 ಅಂತ ಏರಿಸ್ತಾ ಹೋಗೋದರಲ್ಲಿ ಅರ್ಥ ಇಲ್ಲ ಅನ್ನೋದು ಈ ಕಾರಣಕ್ಕೆ.

ಹಾಗಾಗಿ ಮೊದಲ ಕೆಲಸ ಅಳತೆ. ಇದನ್ನ ಯಾರೂ ಮಾಡಲ್ಲ, ಇದೇ ಎಲ್ಲಕ್ಕಿಂತ ಮುಖ್ಯ. ಗಾಡೀನ ಸಮತಟ್ಟು ಜಾಗದಲ್ಲಿ ನಿಲ್ಸಿ, ಇಂಜಿನ್ ಬಿಸಿ ಇರ್ಬೇಕು, ಆಫ್ ಮಾಡಿ ಒಂದು ಹತ್ತು ನಿಮಿಷ ಬಿಡಿ, ಮೇಲಿರೋ ಆಯಿಲ್ ಎಲ್ಲಾ ಕೆಳಗೆ ಇಳೀಲಿ. ಡಿಪ್‌ಸ್ಟಿಕ್ ಎಳೆದು ಒರೆಸಿ, ಪೂರ್ತಿ ಕೆಳಗೆ ತನಕ ಹಾಕಿ ಮತ್ತೆ ಎಳೀರಿ. ಎರಡೂ ಕಡೆ ನೋಡಿ. ಒಂದು ಕಡೆ ಆಯಿಲ್ ಮೇಲಕ್ಕೆ ಸವರಿಕೊಂಡಿರುತ್ತೆ, ಟ್ಯೂಬಿನ ಗೋಡೆಗೆ ತಾಗಿದ್ದಕ್ಕೆ, ಅದನ್ನ ನಂಬ್ಬೇಡಿ, ಕೆಳಗೆ ತೋರಿಸ್ತಿರೋ ಕಡೆಯದ್ದೇ ಸರಿ. ಮ್ಯಾಕ್ಸ್ ಗೆರೆಗೆ ಸರಿಯಾಗಿ ತುಂಬಿಸಿ, ಓಡೋ ಮೀಟರ್ ಬರೆದಿಟ್ಕೊಳ್ಳಿ. 1,000 ಕಿ.ಮೀ. ಆದ್ಮೇಲೆ ಅದೇ ಜಾಗದಲ್ಲಿ ಅದೇ ತರ ನಿಲ್ಸಿ, ಅಳತೆ ಗೆರೆ ಇರೋ ಜಗ್ಗಲ್ಲಿ ಆಯಿಲ್ ತಗೊಂಡು ಮತ್ತೆ ಅದೇ ಮ್ಯಾಕ್ಸ್ ಗೆರೆಗೆ ಬರೋ ತನಕ ಹಾಕಿ. ಎಷ್ಟು ಹಿಡೀತೋ ಅದೇ ನಿಮ್ಮ ಗಾಡಿ ಕುಡಿಯೋ ಲೆಕ್ಕ. ಮಧ್ಯೆ 500ಕ್ಕೊಮ್ಮೆ ನೋಡ್ತಾ ಇರಿ, ಮಿನಿಮಮ್ ಗೆರೆ ಹತ್ತಿರ ಬಂದ್ರೆ ಕಾಯ್ಬೇಡಿ, ಹಾಕಿ, ಹಾಕಿದ್ದನ್ನ ಬರೆದ್ಕೊಳ್ಳಿ. ಬಹಳ ಕಾರಲ್ಲಿ ಮಿನಿಮಮ್ ಇಂದ ಮ್ಯಾಕ್ಸ್‌ಗೆ ಸುಮಾರು ಒಂದು ಲೀಟರ್ ಇರುತ್ತೆ, ನಿಮ್ಮ ಮ್ಯಾನ್ಯುಯಲ್‌ನಲ್ಲಿ ಸರಿಯಾದ್ದು ಬರೆದಿರುತ್ತೆ.

ಒಂದು ವಿಷ್ಯ ಜನಕ್ಕೆ ಗೊತ್ತಿರಲ್ಲ. ಪೆಟ್ರೋಲ್ ಗಾಡೀನ ದಿನಾ ಎರಡು ಮೂರು ಕಿಲೋಮೀಟರ್ ಮಾತ್ರ ಓಡಿಸ್ತಿದ್ರೆ ಇಂಜಿನ್ ಪೂರ್ತಿ ಬಿಸಿ ಆಗೋದೇ ಇಲ್ಲ, ಸುಡದೇ ಉಳಿದ ಪೆಟ್ರೋಲ್ ರಿಂಗ್ ದಾಟಿ ಆಯಿಲ್‌ಗೆ ಸೇರ್ಕೊಳ್ಳುತ್ತೆ. ಒಂದು ಕಡೆ ಆಯಿಲ್ ಕಮ್ಮಿ ಆಗ್ತಿರುತ್ತೆ, ಇನ್ನೊಂದು ಕಡೆ ಪೆಟ್ರೋಲ್ ಸೇರ್ತಿರುತ್ತೆ, ಡಿಪ್‌ಸ್ಟಿಕ್ ನೋಡಿದ್ರೆ ಲೆವೆಲ್ ಅಲ್ಲೇ ಇದೆ, ಪರವಾಗಿಲ್ಲ ಅನ್ಸುತ್ತೆ. ಒಂದಿನ ಉದ್ದ ಪ್ರಯಾಣ ಹೋದಾಗ ಆ ಪೆಟ್ರೋಲ್ ಎಲ್ಲಾ ಆವಿ ಆಗಿ ಹೋಗಿ ಲೆವೆಲ್ ಧಡಾರ್ ಅಂತ ಇಳಿಯುತ್ತೆ. ಆಗ ಹೈವೇಲಿ ಓಡಿಸಿದ್ದಕ್ಕೇ ಆಯಿಲ್ ಹೋಯ್ತು ಅಂತ ಅಂದ್ಕೊಳ್ತಾರೆ. ಹಂಗಾಗಿ ಅಳತೆ ಮಾಡೋ 1,000 ಕಿ.ಮೀ. ನಲ್ಲಿ ನಿಮ್ಮ ಮಾಮೂಲಿ ಓಡಾಟ ಎರಡೂ ತರದ್ದು ಇರ್ಲಿ.

ಎಷ್ಟು ಕುಡಿದ್ರೆ ಜಾಸ್ತಿ? ಕೆಲವು ಕಂಪನಿ ಮ್ಯಾನ್ಯುಯಲ್‌ಗಳು 1,000 ಕಿ.ಮೀ. ಗೆ ಅರ್ಧ ಲೀಟರ್ ತನಕ, ಕೆಲವು ಒಂದು ಲೀಟರ್ ತನಕವೂ ಮಾಮೂಲಿ ಅಂತ ಬರೆದಿರ್ತವೆ. ಅದು ಕಂಪನಿ ತನ್ನ ವಾರಂಟಿ ನೋಡ್ಕೊಂಡು ಬರೆದಿರೋದು ಅಂತ ನನ್ನ ಅಭಿಪ್ರಾಯ. ನನ್ನ ಲೆಕ್ಕದಲ್ಲಿ ಹಳೇ ಗಾಡಿ 200 ಎಂ.ಎಲ್. ಒಳಗೆ ಕುಡೀತಿದ್ರೆ ಟಾಪ್ ಅಪ್ ಮಾಡ್ಕೊಂಡು ಸುಮ್ನಿರಿ, ಏನೂ ಬದಲಾಯಿಸ್ಬೇಡಿ. 200 ರಿಂದ 700 ಇದ್ರೆ ಈ ಕೆಳಗಿನದೆಲ್ಲ ಮಾಡೋದರಲ್ಲಿ ಅರ್ಥ ಇದೆ. ಒಂದು ಲೀಟರ್ ದಾಟಿದ್ರೆ ಗಟ್ಟಿ ಆಯಿಲ್ ಬರೀ ದಿನ ದೂಡೋಕೆ ಅಷ್ಟೇ.

ಅಳತೆ ಸಿಕ್ಕ ಮೇಲೆ ಆಯಿಲ್ ಯಾವ ದಾರಿ ಹಿಡಿದಿದೆ ಅಂತ ಹುಡುಕ್ಬೇಕು. ಮೊದಲು ಹೊರಗಡೆ, ಟಾರ್ಚ್ ಹಿಡ್ಕೊಂಡು ವಾಲ್ವ್ ಕವರ್ ಸುತ್ತ, ಆಯಿಲ್ ಫಿಲ್ಟರ್ ಬುಡ, ಡ್ರೈನ್ ಬೋಲ್ಟ್, ಕ್ರ್ಯಾಂಕ್ ಪುಲ್ಲಿ ಹಿಂದೆ ನೋಡಿ. ಒದ್ದೆ ಆಗಿ ಧೂಳು ಮೆತ್ತಿಕೊಂಡು ಕಪ್ಪಗಿದ್ರೆ ಅಲ್ಲಿಂದ ಸೋರ್ತಿದೆ. ಬಿಸಿ ಸೈಲೆನ್ಸರ್ ಪೈಪ್ ಮೇಲೆ ಬೀಳ್ತಿದ್ರೆ ಅಲ್ಲೇ ಸುಟ್ಟು ಹೋಗುತ್ತೆ, ನೆಲಕ್ಕೆ ಹನಿ ಬೀಳಲ್ಲ, ವಾಸನೆ ಮಾತ್ರ ಬರುತ್ತೆ. ಗ್ಯಾಸ್ಕೆಟ್ ಹಾಕ್ಸಿದ್ರೆ ಮುಗೀತು.

ಆಮೇಲೆ ಹೊಗೆ. ಆಯಿಲ್ ಸುಟ್ರೆ ಹೊಗೆ ನೀಲಿ ಛಾಯೆ ಇರುತ್ತೆ, ಮೂಗಿಗೆ ಘಾಟು ಹೊಡೆಯುತ್ತೆ. ಯಾವಾಗ ಬರುತ್ತೆ ಅನ್ನೋದೇ ಇಲ್ಲಿ ಸುಳಿವು. ರಾತ್ರಿಯೆಲ್ಲಾ ನಿಲ್ಸಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಬುಸ್ ಅಂತ ಬಂದು ನಿಂತುಹೋದ್ರೆ ವಾಲ್ವ್ ಸುತ್ತ ಆಯಿಲ್ ತಡೆಯೋ ರಬ್ಬರ್ ಸೀಲ್ (ವಾಲ್ವ್ ಸೀಲ್) ಗಟ್ಟಿಯಾಗಿ ಬಿರುಕು ಬಿಟ್ಟಿರೋ ಸಾಧ್ಯತೆ ಜಾಸ್ತಿ, ರಾತ್ರಿ ಮೇಲಿನ ಆಯಿಲ್ ಹನಿಹನಿಯಾಗಿ ಕೆಳಗಿಳಿದಿರುತ್ತೆ. ಉದ್ದದ ಇಳಿಜಾರಲ್ಲಿ ಆಕ್ಸಿಲರೇಟರ್ ಬಿಟ್ಟು ಗೇರಲ್ಲೇ ಇಳಿದು, ಕೆಳಗೆ ಬಂದು ಮತ್ತೆ ಒತ್ತಿದ ಕೂಡ್ಲೇ ಹಿಂದೆ ಒಂದು ಮೋಡ ಎದ್ರೂ ಅದೇ ಸೀಲ್ ಕಥೆ. ಅದೇ ಏರಲ್ಲಿ ಜೋರಾಗಿ ಒತ್ತಿದಾಗೆಲ್ಲಾ ಬಿಡದೇ ಬರ್ತಿದ್ರೆ ರಿಂಗ್ ಕಡೆ ನೋಡ್ಬೇಕು. ಸ್ಪಾರ್ಕ್ ಪ್ಲಗ್ ಬಿಚ್ಚಿ ಸಾಲಾಗಿ ಇಟ್ಟು ನೋಡಿ, ಮೂರು ಒಣಗಿ ಒಂದು ಮಾತ್ರ ಕಪ್ಪಗೆ ಜಿಡ್ಡು ಜಿಡ್ಡಾಗಿದ್ರೆ ಸಮಸ್ಯೆ ಆ ಒಂದು ಸಿಲಿಂಡರ್‌ದು, ಆಯಿಲ್ ಗ್ರೇಡ್ ಬದಲಾಯಿಸಿ ಅದನ್ನ ಸರಿ ಮಾಡೋಕಾಗಲ್ಲ.

ಕಂಪ್ರೆಷನ್ ಟೆಸ್ಟ್ ಮಾಡಿಸಿದೆ, ಎಲ್ಲಾ ಸರಿ ಇದೆ, ರಿಂಗ್ ಚೆನ್ನಾಗಿದೆ ಅಂತ ಕೆಲವರು ಹೇಳ್ತಾರೆ. ಇಲ್ಲಿ ಎಡವಬೇಡಿ. ಕಂಪ್ರೆಷನ್ ಹಿಡಿಯೋದು ಮುಖ್ಯವಾಗಿ ಮೇಲಿನ ಎರಡು ರಿಂಗು, ಆಯಿಲ್ ಗೀರಿ ಕೆಳಗೆ ಕಳ್ಸೋದು ಮೂರನೇದು. ಆ ಮೂರನೇ ರಿಂಗ್ ಕಾರ್ಬನ್ ತುಂಬಿ ಕಚ್ಕೊಂಡು ಕೂತಿದ್ರೂ ಕಂಪ್ರೆಷನ್ ಚೆನ್ನಾಗೇ ತೋರ್ಸುತ್ತೆ, ಆಯಿಲ್ ಮಾತ್ರ ಸುಡ್ತಾನೇ ಇರುತ್ತೆ.

ಇನ್ನು ಪಿಸಿವಿ ವಾಲ್ವ್. ಇಂಜಿನ್ ಒಳಗೆ ಸೇರೋ ಗ್ಯಾಸನ್ನ ಎಳೆದು ಮತ್ತೆ ಸುಡೋಕೆ ಕಳ್ಸೋ ಸಣ್ಣ ವಾಲ್ವ್ ಅದು. ಮುಚ್ಚಿ ಕೂತ್ರೆ ಒಳಗೆ ಒತ್ತಡ ಏರಿ ಸೀಲ್‌ಗಳಿಂದೆಲ್ಲಾ ಆಯಿಲ್ ತಳ್ಳುತ್ತೆ, ತೆರೆದೇ ಕೂತ್ರೆ ಆಯಿಲ್ ಆವಿಯನ್ನ ನೇರ ಇಂಟೇಕ್‌ಗೆ ಹೀರುತ್ತೆ. ನಾನು ಮಾಡಿದ ಪರೀಕ್ಷೆ ಬಹಳ ಸುಲಭದ್ದು. ಇಂಜಿನ್ ಐಡಲ್‌ನಲ್ಲಿ ಓಡ್ತಿರೋವಾಗ ಆಯಿಲ್ ಹಾಕೋ ಮುಚ್ಚಳ ತೆಗೆದು ಬಾಯಿ ಮೇಲೆ ಒಂದು ತೆಳು ಕಾಗದ ಇಟ್ಟೆ. ವಾಲ್ವ್ ಸರಿ ಇದ್ರೆ ಕಾಗದ ಮೆಲ್ಲಗೆ ಒಳಕ್ಕೆ ಎಳ್ಕೊಂಡು ಅಂಟಿ ನಿಲ್ಬೇಕು. ನನ್ನದು ಪಟಪಟ ಅಂತ ಕುಣಿದು ಹಾರಿ ಬ್ಯಾಟರಿ ಪಕ್ಕಕ್ಕೆ ಬಿತ್ತು. ವಾಲ್ವ್ ಬಿಚ್ಚಿ ಕಿವಿ ಹತ್ರ ಅಲ್ಲಾಡಿಸಿದೆ, ಒಳಗಿನ ಗುಂಡು ಟಕಟಕ ಅನ್ಬೇಕು, ಸದ್ದೇ ಇಲ್ಲ, ಜಿಡ್ಡಲ್ಲಿ ಹೂತುಹೋಗಿತ್ತು. ಹೊಸದು ಹಾಕಿದ್ಮೇಲೆ ಕಾಗದ ಅಂಟಿ ನಿಲ್ತು. ಆಗ ನನ್ನ ಗಾಡಿ 1,80,000 ಓಡಿತ್ತು, 1,000ಕ್ಕೆ 600 ಎಂ.ಎಲ್. ಕುಡೀತಿದ್ದಿದ್ದು ಅದೊಂದಕ್ಕೇ 450ಕ್ಕೆ ಇಳೀತು, ಆಯಿಲ್ ಗ್ರೇಡ್ ಮುಟ್ಟೇ ಇರ್ಲಿಲ್ಲ ಇನ್ನೂ. ಈಗಿನ ಕೆಲವು ಗಾಡೀಲಿ ಈ ವಾಲ್ವ್ ಬೇರೆ ಇರಲ್ಲ, ವಾಲ್ವ್ ಕವರ್ ಒಳಗೇ ರಬ್ಬರ್ ಪೊರೆ ತರ ಇರುತ್ತೆ, ಅಂಥದ್ದನ್ನ ಮೆಕ್ಯಾನಿಕ್ ಹತ್ರ ತೋರಿಸಿ. ಹೊಸ ವಾಲ್ವ್ ಹಾಕಿದ್ಮೇಲೂ ಕಾಗದ ಜೋರಾಗಿ ಹಾರ್ತಿದ್ರೆ ರಿಂಗ್ ದಾಟಿ ಗ್ಯಾಸ್ ಬರ್ತಿದೆ ಅಂತ ಲೆಕ್ಕ.

ಇಷ್ಟೆಲ್ಲಾ ಆದ್ಮೇಲೆ ಆಯಿಲ್ ಆಯ್ಕೆ. ಮ್ಯಾನ್ಯುಯಲ್ ತೆಗೀರಿ. ಬಹಳ ಗಾಡಿಗಳ ಮ್ಯಾನ್ಯುಯಲ್‌ನಲ್ಲಿ ಒಂದೇ ಗ್ರೇಡ್ ಅಲ್ಲ, ಹೊರಗಿನ ಟೆಂಪರೇಚರ್‌ಗೆ ತಕ್ಕ ಹಾಗೆ ಮೂರು ನಾಲ್ಕು ಗ್ರೇಡ್ ಕೊಟ್ಟಿರ್ತಾರೆ. ಈಗ ಹಾಕ್ತಿರೋದಕ್ಕಿಂತ ಒಂದು ಮೆಟ್ಟಲು ಮೇಲಿನದು ಆ ಪಟ್ಟೀಲೇ ಇದ್ರೆ ಯೋಚ್ನೇನೇ ಬೇಡ, ಅದೇ ಹಾಕಿ. ಕೊನೇ ನಂಬರನ್ನ ಮಾತ್ರ ಒಂದು ಮೆಟ್ಟಲು ಏರಿಸೋದು ನನ್ನ ನಿಯಮ, 0ಡಬ್ಲ್ಯೂ-20 ಇದ್ರೆ 30ಕ್ಕೆ, 5ಡಬ್ಲ್ಯೂ-30 ಇದ್ರೆ 5ಡಬ್ಲ್ಯೂ-40ಕ್ಕೆ. ಮೊದಲ ನಂಬರನ್ನ ಸುಮ್ಸುಮ್ನೆ ಏರಿಸ್ಬೇಡಿ. 5ಡಬ್ಲ್ಯೂ ಆಯಿಲ್‌ನ ಪಂಪು ಮೈನಸ್ 35 ಡಿಗ್ರೀಲೂ ಎಳೀಬಲ್ಲದು, 20ಡಬ್ಲ್ಯೂ ಮೈನಸ್ 20ಕ್ಕೇ ಸುಸ್ತು. ನಮ್ಮಲ್ಲಿ ಅಷ್ಟು ಚಳಿ ಇಲ್ವಲ್ಲ ಅನ್ನೋರು ಇರ್ತಾರೆ, ಸರಿ, ಮೈನಸ್‌ಗೆ ಹೋಗದ ಊರಲ್ಲಿ 10ಡಬ್ಲ್ಯೂ-40 ಕೂಡ ನಡೆಯುತ್ತೆ, ಆದ್ರೆ ತಣ್ಣಗಿರೋ ಇಂಜಿನ್‌ನಲ್ಲಿ ಯಾವ ಆಯಿಲ್ ಆದ್ರೂ ಬಿಸಿ ಆಗಿದ್ದಕ್ಕಿಂತ ಎಷ್ಟೋ ಪಟ್ಟು ಮಂದ ಇರುತ್ತೆ. 100 ಡಿಗ್ರೀಲಿ 10 ಸೆಂಟಿಸ್ಟೋಕ್ಸ್ ಇರೋ 5ಡಬ್ಲ್ಯೂ-30, 40 ಡಿಗ್ರೀಲಿ 60 ಆಸುಪಾಸು ಇರುತ್ತೆ. ಸ್ಟಾರ್ಟ್ ಮಾಡಿದ ಆ ಮೊದಲ ಸೆಕೆಂಡುಗಳಲ್ಲಿ ಆಯಿಲ್ ಬೇಗ ಮೇಲೆ ತಲುಪೋದು ಸವೆತ ತಡೆಯೋಕೆ ಬೇಕೇ ಬೇಕು.

ನಾನು ಎಲ್ಲರಿಗೂ ಹೇಳೋ ಇನ್ನೊಂದು ದಾರಿ ಇದೆ, ಅರ್ಧ ಮೆಟ್ಟಲು. ಮೇಲೆ ಹೇಳಿದ್ನಲ್ಲ, ಒಂದೇ 30 ಗ್ರೇಡ್ ಒಳಗೇ ತೆಳು ಇರುತ್ತೆ, ಗಟ್ಟಿ ಇರುತ್ತೆ ಅಂತ. ಡಬ್ಬದ ಹಿಂದೆ ಯುರೋಪಿನ ಎಸಿಇಎ ಸ್ಟ್ಯಾಂಡರ್ಡ್ ಬರೆದಿರುತ್ತೆ, ಅದರಲ್ಲಿ ಎ3/ಬಿ4 ಅಥವಾ ಸಿ3 ಅಂತ ಇದ್ರೆ ಆ ಆಯಿಲ್‌ನ ಎಚ್‌ಟಿಎಚ್‌ಎಸ್ 3.5ಕ್ಕಿಂತ ಕಮ್ಮಿ ಇರೋ ಹಾಗಿಲ್ಲ. ಎಚ್‌ಟಿಎಚ್‌ಎಸ್ ಅಂದ್ರೆ 150 ಡಿಗ್ರಿ ಬಿಸೀಲಿ ಜೋರಾಗಿ ಉಜ್ಜಾಡಿದಾಗ ಎಷ್ಟು ಗಟ್ಟಿ ಉಳಿಯುತ್ತೆ ಅನ್ನೋ ಅಳತೆ, ಎಸ್‌ಎಇ ಪ್ರಕಾರ ಮಾಮೂಲಿ 30ಕ್ಕೆ 2.9 ಇದ್ರೆ ಸಾಕು. ಅಂದ್ರೆ ನಂಬರ್ 5ಡಬ್ಲ್ಯೂ-30 ಅಂತಾನೇ ಇರುತ್ತೆ, ಬಿಸೀಲಿ 40ರ ಹತ್ರ ಹತ್ರ ನಡ್ಕೊಳ್ಳುತ್ತೆ. 40ಕ್ಕೆ ಹೋಗೋಕೆ ಮನಸ್ಸು ಹಿಂಜರಿಯೋರು ಇದನ್ನ ಮೊದಲು ಹಾಕಿ ನೋಡಿ. ಜೊತೆಗೆ ನೋಯಾಕ್ ಅನ್ನೋ ಅಂಕಿ ಸಿಕ್ರೆ ನೋಡಿ, 250 ಡಿಗ್ರೀಲಿ ಒಂದು ಗಂಟೆ ಇಟ್ರೆ ನೂರಕ್ಕೆ ಎಷ್ಟು ಆವಿ ಆಗುತ್ತೆ ಅನ್ನೋ ಲೆಕ್ಕ ಅದು. ಎ3/ಬಿ4ಗೆ 13 ಮೇಲ್ಮಿತಿ. 9, 10 ಇರೋ ಆಯಿಲ್ ಸಿಕ್ರೆ ಅಷ್ಟು ಒಳ್ಳೇದು, ಯಾಕಂದ್ರೆ ಕುಡಿಯೋದರಲ್ಲಿ ಒಂದು ಪಾಲು ಬರೀ ಆವಿ ಆಗಿ ಹೋಗೋದು. ಹೈ ಮೈಲೇಜ್ ಅಂತ ಬರೆದಿರೋ ಆಯಿಲ್‌ನಲ್ಲಿ ಒಣಗಿದ ರಬ್ಬರ್ ಸೀಲ್ ಸ್ವಲ್ಪ ಮೆತ್ತಗಾಗಿ ಉಬ್ಬೋ ಹಾಗೆ ಮಾಡೋ ಅಂಶ ಇರುತ್ತೆ, ಬೆಳಗಿನ ಹೊಗೆ ಬರ್ತಿರೋರಿಗೆ ಅದು ಕೆಲವೊಮ್ಮೆ ನಿಜವಾಗ್ಲೂ ಸಹಾಯ ಮಾಡುತ್ತೆ, ಒಂದೆರಡು ಸಾವಿರ ಕಿ.ಮೀ. ತಾಳ್ಮೆ ಇರ್ಬೇಕು ಅಷ್ಟೇ.

ಗಟ್ಟಿ ಆಯಿಲ್ ಹಾಕ್ಲೇಬಾರ್ದ ಗಾಡಿಗಳೂ ಇವೆ. ಟೈಮಿಂಗ್ ಬೆಲ್ಟ್ ಆಯಿಲ್ ಒಳಗೇ ಓಡೋ ಇಂಜಿನ್ ಇದ್ರೆ ಕಂಪನಿ ಹೇಳಿದ ಸ್ಪೆಕ್ ಬಿಟ್ಟು ಒಂದಿಂಚೂ ಆಚೆ ಹೋಗ್ಬೇಡಿ, ಬೇರೆ ಆಯಿಲ್‌ಗೆ ಬೆಲ್ಟ್ ಕರಗಿ ಚೂರು ಪಂಪಿನ ಜಾಲರಿಗೆ ಕೂತ್ರೆ ಇಂಜಿನ್ನೇ ಹೋಗುತ್ತೆ. ಡಿಪಿಎಫ್, ಅಂದ್ರೆ ಹೊಗೆಯ ಮಸಿ ಹಿಡಿಯೋ ಫಿಲ್ಟರ್, ಇರೋ ಡೀಸೆಲ್ ಆದ್ರೆ ಬೂದಿ ಕಮ್ಮಿ ಬಿಡೋ ಸಿ3 ತರದ್ದೇ ಬೇಕು, ಎ3/ಬಿ4 ಹಾಕಿದ್ರೆ ಫಿಲ್ಟರ್ ಬೇಗ ಕಟ್ಕೊಳ್ಳುತ್ತೆ. ಮೂರನೇದು, ಆಯಿಲ್ ರಿಂಗ್ ಕಚ್ಕೊಂಡಿರೋ ಇಂಜಿನ್. ಪಿಸ್ಟನ್‌ನಲ್ಲಿ ಆ ರಿಂಗ್ ಹಿಂದೆ ಸಣ್ಣ ಸಣ್ಣ ತೂತು ಇರ್ತವೆ, ಗೀರಿದ ಆಯಿಲ್ ಅಲ್ಲಿಂದ ಕೆಳಗೆ ಇಳೀಬೇಕು. ಆ ತೂತೇ ಕಾರ್ಬನ್‌ನಿಂದ ಅರ್ಧ ಮುಚ್ಚಿದ್ರೆ ಮಂದ ಆಯಿಲ್ ಇನ್ನೂ ನಿಧಾನ ಇಳಿಯುತ್ತೆ, ಕುಡಿಯೋದು ಕಮ್ಮಿ ಆಗೋ ಬದ್ಲು ಜಾಸ್ತಿನೂ ಆಗ್ಬಹುದು. ಅಂಥ ಗಾಡಿಗೆ ಬೇಕಿರೋದು ಅದೇ ಗ್ರೇಡಿನ ಒಳ್ಳೆ ಸಿಂಥೆಟಿಕ್ ಆಯಿಲ್, 5,000 ಕಿ.ಮೀ. ಗೆ ಒಮ್ಮೆ ಬದಲಾವಣೆ, ಆಗದಿದ್ರೆ ತಿಳಿದಿರೋ ಮೆಕ್ಯಾನಿಕ್ ಹತ್ರ ಪ್ಲಗ್ ತೂತಿಂದ ಕ್ಲೀನರ್ ಹಾಕಿ ಪಿಸ್ಟನ್ ನೆನೆಸಿಡೋದು. ಇದನ್ನ ಮನೇಲಿ ಅಂದಾಜಿಗೆ ಮಾಡ್ಬೇಡಿ, ದ್ರವ ತೆಗೀದೇ ಸ್ಟಾರ್ಟ್ ಮಾಡಿದ್ರೆ ಕನೆಕ್ಟಿಂಗ್ ರಾಡ್ ಬಾಗುತ್ತೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಪಿಸಿವಿ ವಾಲ್ವೂ ಹೊಸದು, ಆಯಿಲೂ ಹೊಸ ಗ್ರೇಡು ಅಂತ ಒಟ್ಟಿಗೆ ಮಾಡಿದ್ರೆ ಯಾವುದರಿಂದ ಸರಿ ಹೋಯ್ತು ಅಂತ ಯಾವತ್ತೂ ಗೊತ್ತಾಗಲ್ಲ. ಪೂರ್ತಿ ಬದಲಾಯಿಸೋ ಮುಂಚೆ ಕಮ್ಮಿ ಖರ್ಚಲ್ಲಿ ನೋಡ್ಬೇಕು ಅಂದ್ರೆ ಟಾಪ್ ಅಪ್‌ಗೆ ಮಾತ್ರ 5ಡಬ್ಲ್ಯೂ-40 ಬಳಸಿ. ಅದೇ ಸ್ಪೆಕ್‌ನ ಎರಡು ಗ್ರೇಡ್ ಬೆರೆಸಿದ್ರೆ ಏನೂ ಆಗಲ್ಲ, ಮಧ್ಯದ ಮಂದಕ್ಕೆ ಬರುತ್ತೆ ಅಷ್ಟೇ. ಪೂರ್ತಿ ಬದಲಾಯಿಸೋವಾಗ ಇಂಜಿನ್ ಬೆಚ್ಚಗಿರೋವಾಗ್ಲೇ ಡ್ರೈನ್ ಮಾಡಿ, ಕೈ ಸುಟ್ಕೋಬೇಡಿ, ಫಿಲ್ಟರೂ ಡ್ರೈನ್ ಬೋಲ್ಟ್ ವಾಷರೂ ಹೊಸದು ಹಾಕಿ. ಮ್ಯಾನ್ಯುಯಲ್‌ನಲ್ಲಿ ಹೇಳಿದ್ದಕ್ಕಿಂತ ಅರ್ಧ ಲೀಟರ್ ಕಮ್ಮಿ ಹಾಕಿ, ಎರಡು ನಿಮಿಷ ಓಡಿಸಿ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ನೋಡಿ ಉಳಿದದ್ದನ್ನ ಸ್ವಲ್ಪ ಸ್ವಲ್ಪ ಹಾಕಿ. ಹೇಗಿದ್ರೂ ಕುಡಿಯುತ್ತಲ್ಲ ಅಂತ ಮ್ಯಾಕ್ಸ್ ಮೇಲೆ ತುಂಬಿಸೋರನ್ನ ನೋಡಿದೀನಿ, ಕ್ರ್ಯಾಂಕ್ ಶಾಫ್ಟ್ ಆ ಆಯಿಲ್‌ಗೆ ಬಡಿದು ನೊರೆ ಎಬ್ಬಿಸುತ್ತೆ, ನೊರೆ ಲೂಬ್ರಿಕೇಷನ್ ಮಾಡಲ್ಲ, ಮೇಲಾಗಿ ಇನ್ನಷ್ಟು ಆಯಿಲ್ ಇಂಟೇಕ್‌ಗೆ ಹೋಗುತ್ತೆ.

ಹಾಕಿದ್ಮೇಲೆ ಮೊದಲ 1,000ದ ಲೆಕ್ಕ ನೋಡಿ ತೀರ್ಮಾನ ಮಾಡ್ಬೇಡಿ, ಎರಡು ಸುತ್ತು ಅಳೆಯಿರಿ. ನನ್ನದು 5ಡಬ್ಲ್ಯೂ-40ಗೆ ಹೋದ್ಮೇಲೆ ಮೊದಲ ಸುತ್ತಲ್ಲಿ 380, ಎರಡನೇದರಲ್ಲಿ 320 ಎಂ.ಎಲ್. ಬಂತು, ಆಮೇಲೆ ಅಲ್ಲೇ ನಿಂತಿದೆ. ಪೆಟ್ರೋಲ್ ಸ್ವಲ್ಪ ಜಾಸ್ತಿ ಹಿಡಿಯುತ್ತೆ, ಆದ್ರೆ ದಿನಾ ಓಡಿಸೋರಿಗೆ ಗೊತ್ತಾಗೋ ಅಷ್ಟಲ್ಲ. ಕಿವಿ ಮಾತ್ರ ತೆರೆದಿಟ್ಕೊಳ್ಳಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮೇಲಿಂದ ಕಟಕಟ ಸದ್ದು ಮುಂಚೆ ಇಲ್ಲದ್ದು ಈಗ ಬರ್ತಿದ್ರೆ, ಆಯಿಲ್ ಪ್ರೆಶರ್ ಲೈಟ್ ಆರೋಕೆ ಮುಂಚೆಗಿಂತ ತಡ ಆಗ್ತಿದ್ರೆ, ವಾಲ್ವ್ ಟೈಮಿಂಗ್ ಸಂಬಂಧ ಚೆಕ್ ಇಂಜಿನ್ ಲೈಟ್ ಬಂದ್ರೆ ನಿಮ್ಮ ಇಂಜಿನ್‌ಗೆ ಈ ಗ್ರೇಡ್ ಒಗ್ಗಲಿಲ್ಲ, ಹಳೇದಕ್ಕೇ ವಾಪಸ್ ಹೋಗಿ, ಹಠ ಬೇಡ.

ಕಮ್ಮಿ ಆಯ್ತು ಅಂತ ಡಿಪ್‌ಸ್ಟಿಕ್ ನೋಡೋದು ಬಿಡ್ಬೇಡಿ. ಸುಟ್ಟ ಆಯಿಲ್‌ನಲ್ಲಿರೋ ರಂಜಕ, ಹೊಗೆಯ ವಿಷ ಕಮ್ಮಿ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್‌ನ ಮೇಲೆ ಕೂತು ಅದನ್ನ ನಿಧಾನಕ್ಕೆ ಕೊಲ್ಲುತ್ತೆ, ಹಂಗಾಗಿ ಲೆಕ್ಕ ಮತ್ತೆ 500, 600 ಅಂತ ಏರ್ತಾ ಬಂದ್ರೆ ಇನ್ನೂ ಗಟ್ಟಿ ಆಯಿಲ್ ಹುಡುಕೋ ಬದ್ಲು ವಾಲ್ವ್ ಸೀಲ್ ಬದಲಾಯಿಸೋ ಬಗ್ಗೆ ಮೆಕ್ಯಾನಿಕ್ ಹತ್ರ ಮಾತಾಡಿ, ಬಹಳ ಇಂಜಿನ್‌ನಲ್ಲಿ ಹೆಡ್ ಇಳಿಸ್ದೇನೇ ಅದನ್ನ ಮಾಡ್ಬಹುದು. ಅದೇ ಗ್ರೇಡಿನ ಒಂದು ಲೀಟರ್ ಡಬ್ಬ, ಒಂದು ಸಣ್ಣ ಆಲಿಕೆ, ಒಂದು ಹಳೇ ಬಟ್ಟೆ ಡಿಕ್ಕೀಲಿ ಯಾವಾಗ್ಲೂ ಇರ್ಲಿ. ಓಡಿಸ್ತಿರೋವಾಗ ಆ ಕೆಂಪು ಆಯಿಲ್ ಲೈಟ್ ಒಂದು ಸಲ ಮಿಣುಕಿದ್ರೂ ಮುಂದಿನ ತಿರುವಿನ ತನಕ ಅಂತ ಹೋಗ್ಬೇಡಿ, ಅಲ್ಲೇ ಪಕ್ಕಕ್ಕೆ ತಗೊಂಡು ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೀರಿ. ಲೆವೆಲ್ ಕಮ್ಮಿ ಇದ್ರೆ ಹಾಕಿ ಸ್ಟಾರ್ಟ್ ಮಾಡಿ ನೋಡಿ. ಆಗಲೂ ಲೈಟ್ ಆರದಿದ್ರೆ ತಕ್ಷಣ ಆಫ್ ಮಾಡಿ. ಲೆವೆಲ್ ಸರಿ ಇದ್ದೂ ಲೈಟ್ ಬಂದಿದ್ರೆ ಸ್ಟಾರ್ಟ್ ಮಾಡೋಕೇ ಹೋಗ್ಬೇಡಿ. ಎರಡರಲ್ಲೂ ಗಾಡೀನ ಎಳೆಸ್ಕೊಂಡೇ ಹೋಗಿ.